ಬುಧವಾರ ಕುರಿ ಕಾಯುವವರು

ಬಿ.ಜಿ. ಕೆರೆ
ಏಪ್ರಿಲ್ ೧೯೯೮

ತಂಗಿ ರೂಪಾಗೆ ಅಕ್ಕನ ಆಶೀರ್ವಾದ.

ಭಾನುವಾರ ಚಳ್ಳಕೆರೆಯಲ್ಲಿ ಭೂಮಿಯಿಲ್ಲದವರ ಪರವಾಗಿ ನೀನು ಮಾಡಿದ ಭಾಷಣ ಕೇಳಿದೆ. ವಕೀಲರ ಕರಿಕೋಟು ನಿನಗೆ ಒಪ್ಪುತ್ತದೆ. "ನಮ್ಮಕ್ಕ ಕುರಿ ಕಾಯ್ದು ನನ್ನ ಓದಿಸಿದ್ಲು" ಎಂದಾಗ ಎಲ್ಲರೂ ನಿನ್ನನ್ನೇ ನೋಡುತ್ತ ಚಪ್ಪಾಳೆ ತಟ್ಟಿದರು. ನಾನು ಹಿಂದೆ ಕೂತಿದ್ದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅಪ್ಪ ಮೊದಲು ಶಾಲೆಗೆ ಸೇರಿಸಿದ್ದು ನನ್ನನ್ನು. ಮಂದೆಯ ಹಿಂದೆ ಹೋಗಲಾರೆನೆಂದು ನೀನು ಅತ್ತೆ. "ದೊಡ್ಡೋಳೇ ಹೋಗ್ಲಿ ಬಿಡು" ಎಂದು ಅವ್ವ ನನ್ನನ್ನು ಶಾಲೆ ಬಿಡಿಸಿದಳು. ಅದನ್ನು ನೀನು ವೇದಿಕೆಯಲ್ಲಿ ಹೇಳಲಿಲ್ಲ. ಇರಲಿ.

ದನ ಮೇಯುವ ಕಾವಲಿನ ಅಂಚಿನಲ್ಲಿ ನಾವು ಉಳುವ ಜಮೀನಿನ ವಿಚಾರಣೆ ಬುಧವಾರ ಮೊಳಕಾಲ್ಮೂರಿನಲ್ಲಿದೆ. ನಮ್ಮ ಪರವಾಗಿ ನೀನು ಮಾತಾಡುತ್ತೀಯೆಂದು ಪಕ್ಕದ ಜಮೀನಿನ ಚಂದ್ರಣ್ಣ ಹೇಳಿದ. ಬೇಡ, ನಾನೇ ಮಾತಾಡುತ್ತೇನೆ. ಸಂಜೆ ಶಾಲೆಯಲ್ಲಿ ಕಲಿತು ಈ ಕಾಗದವನ್ನೂ ನಾನೇ ಬರೆದಿದ್ದೇನೆ.

ನಿನ್ನಿಂದ ಒಂದೇ ಕೆಲಸ ಆಗಬೇಕು. ಗೊಬ್ಬರಕ್ಕೆಂದು ಕುರಿಮಂದೆಯನ್ನು ತೋಟಪ್ಪನವರ ಹೊಲದಲ್ಲಿ ನಿಲ್ಲಿಸಿದ್ದೇನೆ. ಬುಧವಾರ ಮೇಯಿಸಲು ಯಾರೂ ಇಲ್ಲ. ಹಿಂದಿನ ದಿನವೇ ಬಂದುಬಿಡು, ಆ ಒಂದು ದಿನ ಕುರಿ ನೀನು ಕಾಯಬೇಕು. ಹೊದೆಯಲು ನನ್ನ ಕಂಬಳಿ ಕೊಡುತ್ತೇನೆ. ಅದೂ ಕರಿಯದೇ.

ಇಂತಿ ನಿನ್ನಕ್ಕ
ಕೆಂಚಕ್ಕ