ಐದನೆಯ ಅರ್ಥ

ಇಳಕಲ್
ತಾ. ೯-೨-೨೦೨೫, ರವಿವಾರ

ಮಗಳು ಪ್ರೀತಿಗೆ ಅಪ್ಪನ ಆಶೀರ್ವಾದ.

ನಾನು ಉಂಡುತಿಂದು ಗಟ್ಟಿಯಾಗಿದ್ದೇನೆ. ಅಲ್ಲಿ ಕುಳಗೇರಿ ಕ್ರಾಸಿನಲ್ಲಿ ನೀನು, ಅಳಿಯ, ಮೊಮ್ಮಗಳು ನೇತ್ರಾ ಹೇಗಿದ್ದೀರಿ ಎಂದು ಕೇಳುವ ಮೊದಲು ಬೈಯುವುದಿದೆ. ಕೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ನಿನ್ನ ಮೆಸೇಜು ಬಂದು ಹತ್ತು ದಿನವಾಯಿತು. ತಡವಾದದ್ದು ನನ್ನ ತಪ್ಪು. ಫೋನಿನಲ್ಲಿ ಹೇಳಲು ಹೋದರೆ ನೀನು "ಅಪ್ಪಾ, ಒದರಬ್ಯಾಡ" ಎಂದು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ತಾಳಿಕೊಂಡು ಓದು.

ಸಾಲಿಗೆ ತಪಾಸಣೆಗೆ ಬಂದ ಡಾಕ್ಟರು ನೇತ್ರಾಳ ಎದೆಗೆ ಕೊಳವೆ ಇಟ್ಟು ನೋಡಿ ಚೀಟಿಯಲ್ಲಿ 'ಮರ್ಮರ್' ಎಂದು ಬರೆದರು, ಬಾಗಲಕೋಟೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಲು ಹೇಳಿದರು ಎಂದು ತಿಳಿಸಿದ್ದೀ. ಬಹಳ ಮಕ್ಕಳಿಗೆ ಇರುತ್ತದಂತೆ, ತಾನೇ ಹೋಗುತ್ತದಂತೆ, ಪರೀಕ್ಷೆ ಮುಗಿದ ಮೇಲೆ ನೋಡಿದರಾಯಿತಂತೆ. ಕೆಳಗೊಂದು ನಗುವ ಮುಖ ಬೇರೆ. ಎರಡನೇ ಇಯತ್ತೆಯ ಹುಡುಗಿಗೆ ಯಾವ ಕಲೆಕ್ಟರ್ ಪರೀಕ್ಷೆ ಬಂದಿದೆ? ನಿನಗೆ ಬುದ್ಧಿ ಇದೆಯೋ ಇಲ್ಲವೋ?

ಆ 'ಮರ್ಮರ್' ಎಂಬ ಮಾತು ನನಗೆ ಗೊತ್ತು. ಹೇಗೆ ಗೊತ್ತು ಎಂದು ಈಗಲೇ ಕೇಳಬೇಡ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಮಗ್ಗ ನಡೆದಿದೆ. ಕೊಂಡಿ ಹಾಕಲು ಓಣಿಯ ಖೈರುನಬಿ ಬರುತ್ತಾಳೆ. ನಿನಗೆ ನೆನಪಿರಬೇಕು, ಸೆರಗಿನ ಕೆಂಪು ಎಳೆಗೆ ಸೀರೆಯ ಮೈಯೆಳೆಯನ್ನು ಒಂದೊಂದಾಗಿ ಕೊಂಡಿ ಹಾಕುವಾಗ ನಿನ್ನವ್ವ ತುಟಿಯೊಳಗೇ ಎಣಿಸುತ್ತಿದ್ದಳು. ಅದು ಮಾತೂ ಅಲ್ಲ, ಹಾಡೂ ಅಲ್ಲ. ಲಾಳಿಯ ಸಪ್ಪಳದ ಕೆಳಗೆ ಎಲ್ಲೋ ಜೇನುಹುಳ ಹೊಕ್ಕಂತೆ ಇರುತ್ತಿತ್ತು.

"ಅದೇನ ಗುಣುಗುಣು ಹಚ್ಚೀ?" ಎಂದು ಮೂವತ್ತು ವರ್ಷ ಬೈದಿದ್ದೇನೆ.

"ಎಣಿಕಿ ತಪ್ಪಿದ್ರ ಆ ಸೀರಿ ನೀವ ಉಟಗೋರಿ," ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಈಗ ಅದು ಮತ್ತೆ ಕೇಳಿಸುತ್ತದೆ, ಪ್ರೀತಿ. ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಪಾವರ್‌ಲೂಮುಗಳೆಲ್ಲ ಒಮ್ಮೆಲೇ ನಿಂತಾಗ, ಅವಳು ಕೂಡುತ್ತಿದ್ದ ಮೂಲೆಯಿಂದ. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತು ಬರುವುದಿಲ್ಲ. ಮತ್ತೆ ಒಂದರಿಂದ ಶುರು. ನಾನು ಲಾಳಿ ಹಿಡಿದುಕೊಂಡು ಆ ನಲವತ್ತಕ್ಕೆ ಕಾಯುತ್ತ ಕೂಡುತ್ತೇನೆ. ಕರೆಂಟ್ ಬಂತೆಂದರೆ ಹೋಗಿಬಿಡುತ್ತದೆ. ಮೊನ್ನೆ ತಡೆಯದೆ ಖೈರುನಬಿಯನ್ನು ಕೇಳಿದೆ.

"ನನಗೇನೂ ಕೇಳಸವಲ್ದರಿ ಕಾಕಾ," ಎಂದಳು. ಒಂದು ಕೊಂಡಿ ಹಾಕಿ, "ಕಾಕಿ ಕಡೀ ಎಂಟ ತಿಂಗಳು ಎಣಸೂದ ಬಿಟ್ಟಿದ್ಲಲ್ರಿ. ಬಾಯಿ ಹೊಲದಂಗ ಕುಂದರ್ತಿದ್ಲು. ಯಾಕಂತ?" ಎಂದಳು.

"ನಿನ್ನ ಕೊಂಡಿ ನೀ ನೋಡು!" ಎಂದು ಒದರಿದೆ. ಎದ್ದು ಹೋದಳು. ಮರುದಿನ ಬಂದು ಕೊಂಡಿ ಹಾಕತೊಡಗಿದಳು.

ಇರಲಿ. ನಾಳೆ ಬಿಟ್ಟು ಮುಂದಿನ ಸೋಮವಾರ, ಹದಿನೇಳಕ್ಕೆ, ಮುಂಜಾನೆಯ ಬಸ್ಸಿಗೆ ಬರುತ್ತೇನೆ. ನೇತ್ರಾಳನ್ನು ಕರೆದುಕೊಂಡು ಕ್ರಾಸಿನಲ್ಲಿ ನಿಂತಿರು. ಅಲ್ಲಿಂದಲೇ ಬಾಗಲಕೋಟೆಗೆ. ಅಳಿಯ ಏನಾದರೂ ಅಂದರೆ ಅಪ್ಪನಿಗೆ ಹುಚ್ಚು ಹಿಡಿದಿದೆ ಎನ್ನು, ಅವನು ಕೂಡಲೇ ನಂಬುತ್ತಾನೆ. ಡಾಕ್ಟರು ಏನೂ ಇಲ್ಲವೆಂದರೆ ನನ್ನನ್ನು ಬಾಯಿಗೆ ಬಂದಂತೆ ಬೈ. ಕೂತು ಬೈಸಿಕೊಳ್ಳುತ್ತೇನೆ, ಸಂತೋಷದಿಂದ.

ಈಗ ಕೇಳುತ್ತೇನೆ: ಎಲ್ಲರೂ ಹೇಗಿದ್ದೀರಿ? ಬನಶಂಕರಿ ನಿಮ್ಮ ಮೂವರ ಬೆನ್ನಿಗಿರಲಿ. ನೇತ್ರಾಳ ತಲೆಯ ಮೇಲೆ ನನ್ನ ಕೈ.

ನಿನ್ನ ಅಪ್ಪ,
ಶಿವಸಂಗಪ್ಪ

ತಾ.ಕ.: ಇದರೊಳಗೆ ಒಂದು ಹಳೆಯ ಚೀಟಿ ಇದೆ, ನಿನ್ನವ್ವನದು. ಸಾಯುವ ಎಂಟು ತಿಂಗಳ ಮೊದಲು ಆರೋಗ್ಯ ಶಿಬಿರದ ಡಾಕ್ಟರು ಬರೆದುಕೊಟ್ಟದ್ದು. ಅದೇ ಮಾತು, ಅದೇ ಬಾಗಲಕೋಟೆಯ ಸ್ಕ್ಯಾನ್. "ಮುರಮುರಾ ಏನ್ರಿ? ನನಗ ಚುರಮುರಿ ತಿನ್ನ ಅಂದಾರೇನು?" ಎಂದು ಅವಳು ನಗಿಸಿದ್ದಳು. ನಾನು ಕ್ಸೆರಾಕ್ಸ್ ಅಂಗಡಿಯ ಮುತ್ತುರಾಜನಿಗೆ ತೋರಿಸಿದೆ. ಅವನು ಮೊಬೈಲಿನಲ್ಲಿ ಹುಡುಕಿ ಓದಿದ: ಎಲೆಗಳ ಸಪ್ಪಳ, ಹರಿಯುವ ನೀರಿನ ಸಪ್ಪಳ, ಪಿಸುಮಾತು, ಗೊಣಗಾಟ. ನಾಲ್ಕನೆಯದಕ್ಕೆ ನಕ್ಕುಬಿಟ್ಟೆ. "ತಡೀರಿ ಕಾಕಾ, ಇನ್ನೊಂದ ಐತಿ," ಎಂದ. "ಸಾಕ ಬಿಡಲೇ, ನಾಕ ಭಾಳಾದುವು," ಎಂದು ಚೀಟಿ ಕಸಿದುಕೊಂಡು ಬಂದೆ.

ಮನೆಗೆ ಬಂದು ಅವಳಿಗೆ, "ನೀ ಗೊಣಗತೀ ಅಂತ ಬರದಾರ. ನಿನ್ನ ಗುಣುಗುಣು ಡಾಕ್ಟರಗೂ ಕೇಳಸೇತಿ," ಎಂದೆ. ನಕ್ಕಳು. ಮರುದಿನದಿಂದ ಎಣಿಸಲಿಲ್ಲ. ಬಾಗಲಕೋಟೆಗೂ ಹೋಗಲಿಲ್ಲ. ಐದನೆಯ ಅರ್ಥವನ್ನು ಅವಳ ದಿನಕರ್ಮ ಮುಗಿದ ಮೇಲೆ ಮುತ್ತುರಾಜ ಅಂಜುತ್ತ ಹೇಳಿದ: ಎದೆಯೊಳಗೆ ರಕ್ತ ಹರಿಯುವಾಗ ಆಗುವ ಸಪ್ಪಳ.

ಸಾಯುವ ನಾಲ್ಕು ದಿನ ಮೊದಲು ಅವಳು ಮಗ್ಗದ ಮುಂದೆ ಎದೆ ಹಿಡಿದುಕೊಂಡು ಕೂತಿದ್ದಳು. ತುಟಿ ಕಪ್ಪಾಗಿತ್ತು. "ಏನಾತು? ಬಾಯಿ ಬಿಟ್ಟ ಹೇಳಬಾರದೇನು?" ಎಂದೆ.

"ಏನಿಲ್ರಿ," ಎಂದಳು. "ಹೇಳಿದ್ರ ಗೊಣಗಿದಂಗ ಆಕ್ಕೈತಿ."