ಹಳೆ ಅಂಗಿಯ ತೋಳು

ಮಾರ್ಚ್ 6, ಗುರುವಾರ

ಕಾರು ಶೆಡ್‌ನಲ್ಲಿ, ಮುಂಭಾಗ ಸ್ಟ್ಯಾಂಡ್ ಮೇಲೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಟ್ಟುಹೋಗಿದೆ. ಏರಿನಲ್ಲಿ ಸೀಟಿಯಂಥ ಸದ್ದು, ನೀಲಿ ಹೊಗೆ, ಆಮೇಲೆ ಎಳೆಯುವ ಶಕ್ತಿಯೇ ಇಲ್ಲ.

ಸೋಮವಾರ ಬೆಳಗ್ಗೆ ಅಕ್ಕನನ್ನು ಬೆಟ್ಟದಾಚೆಯ ಆಸ್ಪತ್ರೆಗೆ ಸೇರಿಸಬೇಕು. ಕಣ್ಣಿನ ಆಪರೇಷನ್. ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಭಾವ ಫೋನಿನಲ್ಲಿ: "ಬೇರೆ ಗಾಡಿಗೆ ಹೇಳ್ಲೇನಪ್ಪಾ?"

"ಬೇಡ ಭಾವ. ನಾನೇ ಹೊಸ ಟರ್ಬೊ ಕೂರಿಸ್ತೀನಿ."

"ನೀನು ಮಿಕ್ಸಿ ರಿಪೇರಿ ಮಾಡಿದ್ದು ನೆನಪಿದೆ. ಮುಚ್ಚಳ ಇನ್ನೂ ಅಟ್ಟದ ಮೇಲೇ ಇದೆ."

ಮಾರ್ಚ್ 7, ಶುಕ್ರವಾರ

ಹಳೆಯದು ಹೊರಗೆ ಬಂತು. ತುಕ್ಕು ಹಿಡಿದ ನಟ್ ಒಂದು ಅರ್ಧ ದಿನ ತಿಂದಿತು. ಬೆರಳ ಗೆಣ್ಣು ತರಚಿದೆ. ಅದರೊಳಗಿನ ಶಾಫ್ಟ್ ಬೀಳುವ ಹಲ್ಲಿನಂತೆ ಅಲ್ಲಾಡುತ್ತದೆ. ಎಣ್ಣೆ ತರುವ ಸಣ್ಣ ಪೈಪು ಮಸಿಯಿಂದ ಕಟ್ಟಿಕೊಂಡಿತ್ತು. ಅದೂ ಹೊಸದು ಹಾಕಬೇಕು.

ಪೈಪುಗಳ ತೆರೆದ ಬಾಯಿಗಳೊಳಗೆ ಧೂಳು ಹೋಗದಂತೆ ಹಳೆ ಅಂಗಿಯ ತೋಳು ಕತ್ತರಿಸಿ, ಒಂದೊಂದಕ್ಕೆ ಒಂದೊಂದು ತುಂಡು ತುರುಕಿದೆ.

ಹೆಂಡತಿ ಆಪರೇಷನ್ ಥಿಯೇಟರಿನ ನರ್ಸ್. ಡ್ಯೂಟಿಯಿಂದ ಬಂದವಳು ಬಗ್ಗಿ ನೋಡಿದಳು.

"ಒಳಗೆ ಎಷ್ಟು ಬಟ್ಟೆ ಇಟ್ರಿ? ಲೆಕ್ಕ ಇದೆಯಾ?"

"ಇದು ಹೊಟ್ಟೆ ಅಲ್ಲ ಕಣೇ."

"ಹೊಟ್ಟೆ ಆದ್ರೆ ನೋವು ಅಂತ ಹೇಳುತ್ತೆ."

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ, ಕೈ ಪೆನ್ನು ಹಿಡಿಯುವಂತಿರಲಿಲ್ಲ. ಟರ್ಬೊ ಕೂತಿದೆ. ಮೊದಲು ಅದರೊಳಗೆ ಎಣ್ಣೆ ಹನಿಸಿ, ಅದರ ಪುಟ್ಟ ಚಕ್ರ ಬೆರಳಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿದೆ. ಹೊಗೆಯಿಲ್ಲ. ಸೀಟಿಯಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ಬಂದೆ.

ಭಾವನಿಗೆ ತಿಳಿಸಿದೆ. "ನಿಂಗೆ ಮೀಸೆ ಇದ್ದಿದ್ರೆ ಈಗ ತಿರುವ್ತಿದ್ದೆ, ಅಲ್ವಾ?" ಎಂದರು. ಅಕ್ಕ ಫೋನ್ ಕಿತ್ತುಕೊಂಡಳು: "ಬ್ಯಾಗ್ ತುಂಬಿಟ್ಟಿದ್ದೀನಿ ಕಣೋ. ಬೇಗ ಬಂದ್ಬಿಡು."

ಸಂಜೆ

ಶೆಡ್ ಗುಡಿಸುತ್ತಿದ್ದೆ. ಹೆಂಡತಿ ಅಂಗಿಯ ತುಂಡುಗಳನ್ನು ಬೆಂಚಿನ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿದಳು. ತೋಳು ಮತ್ತೆ ತೋಳಾಯಿತು. ಮಣಿಕಟ್ಟಿನ ಕಡೆಯದು ಮಾತ್ರ ಇಲ್ಲ.

"ಗುಂಡಿ ಇದ್ದ ತುಂಡು ಎಲ್ರೀ?"

ಕಸದ ಡಬ್ಬ ಸುರಿದು ಹುಡುಕಿದೆವು. ಕಾರಿನ ಕೆಳಗೂ ಇಲ್ಲ.

ಎಂಜಿನ್‌ಗೆ ಗಾಳಿ ಒಯ್ಯುವ ಪೈಪಿಗೆ ತುರುಕಿದ್ದು ಅದನ್ನೇ. ತೆಗೆದ ನೆನಪಿದೆ... ತೆಗೆಯಬೇಕು ಅಂದುಕೊಂಡ ನೆನಪೂ ಇದೆ. ಯಾವುದು ನಿಜವೋ ತಿಳಿಯದು. ಸಮತಟ್ಟಾದ ಬೀದಿಯಲ್ಲಿ ಕಾರು ಏನೂ ಹೇಳಲಿಲ್ಲ. ನಾಳೆ ಏರಿನಲ್ಲಿ ಗಾಳಿ ಕಟ್ಟಿದರೆ, ಗುಂಡಿ ಒಡೆದು ಎಂಜಿನ್ ಸೇರಿದರೆ — ಹಿಂದಿನ ಸೀಟಿನಲ್ಲಿ ಅಕ್ಕ.

ಖಾತ್ರಿಯಾಗಬೇಕಾದರೆ ಬಂಪರಿನಿಂದ ಶುರುಮಾಡಿ ಎಲ್ಲ ಮತ್ತೆ ಬಿಚ್ಚಬೇಕು. ಬೆಳಗಿನೊಳಗೆ ಮುಗಿಯುವ ಕೆಲಸವಲ್ಲ.

ಹೆಂಡತಿ ಒಂದೇ ಮಾತು ಹೇಳಿ ಒಳಗೆ ಹೋದಳು. "ನಾವಾದ್ರೆ, ಸಿಗೋ ತನಕ ಹೊಲಿಯೋದಿಲ್ಲ."

ಬೇರೆ ಗಾಡಿಗೆ ಹೇಳಿ ಎಂದು ಭಾವನಿಗೆ ಫೋನ್ ಮಾಡುವೆ. ಊಟಕ್ಕೆ ಮೊದಲೇ. ನೆಪ ಹೇಳುವುದಿಲ್ಲ, ಗುಂಡಿಯ ಸಮೇತ ಹೇಳುವೆ. ನಗಲಿ. ಫೋನ್ ಬೆಂಚಿನ ಮೇಲಿದೆ, ತೋಳಿನ ಪಕ್ಕ. ಕೈ ತೊಳೆದುಕೊಂಡು...