ನನ್ನ ಮಗಳ ಡೂಲಾಗೆ

ವಾಲರೂ, ದಕ್ಷಿಣ ಆಸ್ಟ್ರೇಲಿಯಾ
ಆಗಸ್ಟ್ ೧೪

ಪ್ರೀತಿಯ ಒಡೆಟ್ ಅವರಿಗೆ,

ನಾನು ಬ್ರಯೋನಿಯ ತಾಯಿ. ಮುಂದಿನ ತಿಂಗಳು ದೇಶದ ಆಚೆ ತುದಿಯ ಫ್ರೀಮ್ಯಾಂಟಲ್‌ನಲ್ಲಿ ನಿಮ್ಮ ಕೈ ಹಿಡಿದುಕೊಂಡು ಹೆರಲಿದ್ದಾಳಲ್ಲ, ಅದೇ ಬ್ರಯೋನಿ. ನಿಮ್ಮ ವಿಳಾಸವನ್ನು ಅವಳು ಕೊಟ್ಟದ್ದಲ್ಲ, ನಾನೇ ಹುಡುಕಿ ತೆಗೆದೆ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಒಡೆಟ್ ಅಂತ ಅಮ್ಮಾ, ಎಷ್ಟು ಸಮಾಧಾನದವಳು ಗೊತ್ತಾ, ಮಾತೇ ಕಮ್ಮಿ." ಆ 'ಮಾತೇ ಕಮ್ಮಿ' ಯಾರಿಗೆ ಬಿಟ್ಟ ಬಾಣ ಎಂದು ನನಗೆ ತಿಳಿಯದೆ ಇರಲಿಲ್ಲ.

ಅವಳು ನಿಮಗೆ ಹೇಳಿರಲಾರಳು, ನಾನೂ ಈಗ ನಿಮ್ಮ ಕಸುಬಿನವಳೇ. ಇಪ್ಪತ್ತೆಂಟು ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಪೇಸ್ಟಿ ಬೇಯಿಸಿ, ಸಾಲು ತಪ್ಪಿಸಿದ ಮಕ್ಕಳನ್ನು ಗದರಿಸಿ, ಈ ವರ್ಷ ಅಡಿಲೇಡಿಗೆ ಹೋಗಿ ಡೂಲಾ ತರಬೇತಿ ಮುಗಿಸಿದೆ. ಬ್ರಯೋನಿ ಬಸುರಿ ಎಂದು ಸುದ್ದಿ ಬಂದ ವಾರವೇ ನಾನು ಹೆಸರು ಕೊಟ್ಟದ್ದು ಬರೀ ಕಾಕತಾಳೀಯ ಎಂದು ಊರಿಗೆಲ್ಲ ಹೇಳಿದ್ದೇನೆ. ನೀವು ನಂಬಬೇಕೆಂದಿಲ್ಲ.

ಊರಿನಲ್ಲಿ ಯಾರಿಗೂ ಈ ಕೆಲಸ ಅರ್ಥವಾಗುವುದಿಲ್ಲ. ಮಾಂಸದಂಗಡಿಯ ಮರ್ವ್ ಕೇಳಿದ, "ಅಂದ್ರೆ ನರ್ಸಾ?" ಅಲ್ಲ ಎಂದೆ. "ಸೂಲಗಿತ್ತೀನಾ? ಮಗು ಹಿಡಿಯೋದು ನೀನೇನಾ?" ಅದೂ ಅಲ್ಲ, ಹೆರುವವಳ ಪಕ್ಕದಲ್ಲಿ ಇರುತ್ತೇನೆ, ಬೆನ್ನು ನೀವುತ್ತೇನೆ, ನೀರು ಕುಡಿಸುತ್ತೇನೆ, ಧೈರ್ಯ ಹೇಳುತ್ತೇನೆ ಎಂದೆ. "ಅಯ್ಯೋ ಗ್ಲೆನಿಸ್, ಸುಮ್ನೆ ಪಕ್ಕದಲ್ಲಿ ಕೂತಿರೋಕೂ ದುಡ್ಡಾ? ಹಂಗಾದ್ರೆ ನಮ್ಮ ನಾಯಿಗೆ ಎಷ್ಟು ಸಂಬಳ ಬಾಕಿ ಇರ್ಬೇಕು!" ಎಂದು ಅಂಗಡಿ ತುಂಬ ನಗಿಸಿದ. ನಾನೂ ನಕ್ಕೆ, ಸಾಸೇಜ್ ತೆಗೆದುಕೊಂಡು ಮನೆಗೆ ಬಂದೆ. ಮನೆಯಲ್ಲಿ ಆ ಮಾತನ್ನು ಹೇಳಿಕೊಂಡು ಇನ್ನೊಮ್ಮೆ ನಗಲು ಯಾರೂ ಇರಲಿಲ್ಲ.

ಪ್ರಮಾಣಪತ್ರ ಕೈಗೆ ಬಂದ ದಿನ ಬ್ರಯೋನಿಗೆ ಫೋನ್ ಮಾಡಿದೆ. ನಾನಾಗಿ ಕೇಳಬಾರದು, ಅವಳೇ ಕರೆಯಲಿ ಎಂದುಕೊಂಡಿದ್ದೆ. ಬಾಯಿ ಕೇಳಬೇಕಲ್ಲ. ಬರಲೇನೇ ಎಂದೆ. ಅವಳು ಹೇಳಿದಳು, "ಬೇಜಾರು ಮಾಡ್ಕೋಬೇಡಮ್ಮಾ. ನೀನು ಒಳಗಿದ್ರೆ ನಾನು ಹೆರೋದು ಬಿಟ್ಟು ನಿನ್ನ ಮುಖಾನೇ ನೋಡ್ತಾ ಇರ್ತೀನಿ. ನಿಂಗೆ ಭಯ ಆಯ್ತಾ, ಅಳ್ತಿದ್ದೀಯಾ ಅಂತ. ದುಡ್ಡು ಕೊಟ್ಟು ಕರೆದೋಳ ಮುಂದೆ ಆದ್ರೆ ಬಾಯಿಗೆ ಬಂದ ಹಾಗೆ ಬೈಕೊಂಡು ಹೆರಬಹುದು. ಮಗುಗೆ ಆರು ವಾರ ಆಗ್ಲಿ, ಬಾ." ಸರಿ ಕಣೇ, ಅದೇ ಸರಿ ಎಂದೆ. ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು, ಒಳಗೆ ಯಾರಿರಬೇಕು ಎಂದು ಹೇಳುವವಳು ಹೆರುವವಳು ಮಾತ್ರ. ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು.

ಶುರುವಿನ ದಿನಗಳು ನಿಮಗೂ ಹೀಗೇ ಇದ್ದವೇ? ಬೇಕರಿಯ ಗೋಡೆಗೆ ಹೆಸರಿನ ಚೀಟಿ ಅಂಟಿಸಿ, ಬಿಸಿ ಮಾಡಿ ಸೊಂಟಕ್ಕಿಡುವ ಅಕ್ಕಿಯ ಚೀಲ, ತುಟಿಗೆ ಹಚ್ಚುವ ಮುಲಾಮು ಎಲ್ಲ ತುಂಬಿದ ಬ್ಯಾಗನ್ನು ಬಾಗಿಲ ಬಳಿ ಇಟ್ಟುಕೊಂಡು ಕಾಯುವುದು. ಕೊನೆಗೊಬ್ಬಳು ಸಿಕ್ಕಳು, ಕೆರೆನ್ಸಾ. ಯಾವ ಹೊತ್ತಿಗೆ ಕರೆ ಬಂದರೂ ಓಡಬೇಕಲ್ಲ, ಅವಳ ದಿನ ಹತ್ತಿರವಾದಂತೆ ವೈನ್ ಬಿಟ್ಟೆ, ಅಡಿಲೇಡಿನ ತಂಗಿಯ ಮನೆಗೆ ಹೋಗುವುದನ್ನು ಬಿಟ್ಟೆ. ಸಂಜೆ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯಲ್ಲಿ, ನಮ್ಮೂರ ಜೆಟ್ಟಿಯಲ್ಲಿ, ಗಾಳ ಹಾಕುವುದೊಂದು ನನ್ನ ಚಟ. ಅದರ ತುದಿಯಲ್ಲಿ ಫೋನ್ ಸಿಗುವುದಿಲ್ಲ. ಹಾಗಾಗಿ ಜೆಟ್ಟಿಯ ನಡುವಿನಲ್ಲೇ ಕುಳಿತೆ, ಅಲ್ಲಿ ಮೀನು ಸಿಗುವುದಿಲ್ಲ.

ಕೆರೆನ್ಸಾಳ ವಿಷಯ ಹೇಳಲೆಂದೇ ಈ ಪತ್ರ. ಅವಳ ಗಂಡ ದೂರದ ಗಣಿಯಲ್ಲಿ, ಸರದಿ ಮುಗಿಯದೆ ಬರುವಂತಿರಲಿಲ್ಲ. ನನ್ನನ್ನು ಗೊತ್ತು ಮಾಡಿದವಳು ಅವಳ ತಾಯಿ ಲೋರ್ನಾ. "ನಾನೂ ಒಳಗಿರ್ತೀನಿ ಗ್ಲೆನಿಸ್, ಆದ್ರೆ ನಂದು ಹೇಡಿ ಜೀವ. ನೀನು ಅವಳನ್ನ ನೋಡ್ಕೋ, ಒಂಚೂರು ನನ್ನನ್ನೂ ನೋಡ್ಕೋ" ಎಂದಿದ್ದಳು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಎಲ್ಲ ಚೆನ್ನಾಗಿಯೇ ನಡೆಯಿತು. ಹೆರುವವಳಿಗೆ ಯಾರೋ ದಿಟ್ಟಿಸುತ್ತಿದ್ದಾರೆ ಅನ್ನಿಸಬಾರದು, ಮೂಲೆಯಲ್ಲಿ ಕೂತು ಏನಾದರೂ ಹೆಣೆಯುತ್ತಿರಿ ಎಂದು ನಮ್ಮ ಗುರುಗಳು ಹೇಳಿದ್ದರು. ಹೆಣೆದೆ. ನೋವು ಬಂದಾಗ ಎದ್ದು ಬೆನ್ನು ಒತ್ತಿದೆ, ಹೋದಾಗ ಮತ್ತೆ ಹೆಣೆದೆ. ಲೋರ್ನಾ ಮಗಳ ಕೂದಲು ನೇವರಿಸುತ್ತ ನಿಂತಿದ್ದಳು, ಹೆದರಿಕೆಯಾದರೂ ಜಾಗ ಬಿಡಲಿಲ್ಲ.

ಮಧ್ಯಾಹ್ನ ನೋವು ಒಂದರ ಮೇಲೊಂದು ಬರತೊಡಗಿತು. ಲೋರ್ನಾ ನನ್ನ ಮುಖ ನೋಡಿ, "ಬೆಳಿಗ್ಗೆಯಿಂದ ಒಂದು ಹನಿ ಕುಡ್ದಿಲ್ಲ ನೀನು, ಇರು, ಟೀ ತರ್ತೀನಿ" ಎಂದು ಹೊರಗೆ ಹೋದಳು. ಅವಳು ಹೋದದ್ದು ನನ್ನ ಟೀಗಾಗಿ, ಅದನ್ನು ಮರೆಯಬೇಡಿ. ಅಷ್ಟರಲ್ಲಿ ಕೆರೆನ್ಸಾ ಕಣ್ಣು ಮುಚ್ಚಿಕೊಂಡೇ, ನನ್ನ ಕೈ ಹಿಂಡುತ್ತ, "ಅಮ್ಮಾ" ಎಂದಳು.

ಕೊನೆಯ ಘಟ್ಟದಲ್ಲಿ ಬಹಳ ಜನ ಹೀಗೆ ಅಮ್ಮನನ್ನು ಕರೆಯುತ್ತಾರೆ, ನಿಮಗೆ ಗೊತ್ತು. ಆಗ ಏನು ಹೇಳಬೇಕೆಂಬುದನ್ನೂ ಕಲಿಸಿದ್ದರು: ನಿಮ್ಮಮ್ಮ ಈಗ ಬರ್ತಾರೆ, ನಾನು ಗ್ಲೆನಿಸ್, ಪಕ್ಕದಲ್ಲೇ ಇದ್ದೀನಿ. ನಾನು ಹಾಗೆ ಹೇಳಲಿಲ್ಲ. "ಇಲ್ಲೇ ಇದ್ದೀನಿ ಕಂದಾ, ಅಮ್ಮ ಇಲ್ಲೇ ಇದ್ದೀನಿ" ಎಂದೆ. ಕೈ ಹಿಡಿದು ಯಾರಾದರೂ ನನ್ನನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತು! ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಲೋರ್ನಾ, ಎರಡು ಕೈಯಲ್ಲಿ ಎರಡು ಲೋಟ. ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಮಗು ಅತ್ತ ಮೇಲೆಯೇ ಮತ್ತೆ ಒಳಗೆ ಬಂದದ್ದು.

ಗಂಡು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಕೆರೆನ್ಸಾಳಿಗೆ ಏನೂ ನೆನಪಿಲ್ಲ. ನೀವು ನನ್ನಮ್ಮನಂತೆ ಇದ್ದಿರಿ ಎಂದು ಅಪ್ಪಿಕೊಂಡಳು, ಪಕ್ಕದಲ್ಲೇ ಲೋರ್ನಾ ಮಗುವಿನ ಹೊದಿಕೆ ಸರಿಮಾಡುತ್ತಿದ್ದಳು. ಕೆಲವು ದಿನ ಬಿಟ್ಟು ಬೇಕರಿಯಲ್ಲಿ ಸಿಕ್ಕಾಗ ಕ್ಷಮೆ ಕೇಳಲು ಹೊರಟೆ. ಅವಳು ನನ್ನ ತೋಳು ಹಿಡಿದು, "ಬಿಡು. ಎಲ್ಲಾನೂ ಚೆನ್ನಾಗೇ ಮಾಡ್ದೆ ಗ್ಲೆನಿಸ್. ಅದೊಂದು ಮಾತ್ರ ನಂದಾಗಿತ್ತು" ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ನಿಮ್ಮ ಬ್ರಯೋನಿಯ ವಿಷಯ. ನೋವಾದರೆ ಅವಳು ನಗುತ್ತಾಳೆ. ಒಂಬತ್ತನೇ ವಯಸ್ಸಿನಲ್ಲಿ ಶಾಲೆಯ ಬೇಲಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ನಗುತ್ತ ಕೂತಿದ್ದಳು, ಟೀಚರಿಗೆ ಏನೂ ಆಗಿಲ್ಲ ಅನ್ನಿಸಿತು. ಅವಳು ಜೋಕು ಹೊಡೆಯಲು ಶುರುಮಾಡಿದರೆ ನರ್ಸುಗಳು ನಕ್ಕರೂ ನೀವು ನಗಬೇಡಿ, ಹತ್ತಿರ ಹೋಗಿ. ಅವಳ ಪಾದಗಳು ಬೇಗ ತಣ್ಣಗಾಗುತ್ತವೆ. ಕಾಲುಚೀಲ ಇದರ ಜೊತೆ ಕಳಿಸಿದ್ದೇನೆ, ಕೆರೆನ್ಸಾಳ ಕೋಣೆಯ ಮೂಲೆಯಲ್ಲಿ ಹೆಣೆದದ್ದು ಇದನ್ನೇ. ಯಾರು ಹೆಣೆದದ್ದೆಂದು ಅವಳು ಕೇಳಿದರೆ ಹೇಳಿ, ಹೆರುವವಳಿಂದ ಮುಚ್ಚಿಡಬೇಡಿ. ಕೇಳದಿದ್ದರೆ ಬೇಡ.

ಮಿಕ್ಕ ಎಲ್ಲವನ್ನೂ ನೀವೇ ಮಾಡಿ. ಬೆನ್ನು ಒತ್ತಿ, ಹಣೆ ಒರೆಸಿ, ಬೈದರೆ ಬೈಸಿಕೊಳ್ಳಿ, ಗಟ್ಟಿಗಿತ್ತಿ ಎನ್ನಿ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಮಾಡಿ. ಕಣ್ಣು ಮುಚ್ಚಿಕೊಂಡು ಅವಳು ಅಮ್ಮಾ ಎಂದರೆ ಮಾತ್ರ, ಒಡೆಟ್, ದಯವಿಟ್ಟು ಓಗೊಡಬೇಡಿ. ಕೈ ಹಿಡಿದುಕೊಳ್ಳಿ, ನಿಮ್ಮ ಹೆಸರು ಹೇಳಿ. ಆ ಕೋಣೆಯಲ್ಲಿ ನನಗೆ ಬೇರೆ ಜಾಗವಿಲ್ಲ, ಅಷ್ಟನ್ನು ಖಾಲಿ ಬಿಡಿ. ಅವಳು ಕರೆಯದೆಯೂ ಇರಬಹುದು. ಕರೆದಳೋ ಇಲ್ಲವೋ ಎಂದು ನನಗೆ ತಿಳಿಸಬೇಡಿ.

ನಿಮ್ಮ ಕಸುಬಿನ ಹೊಸಬಳು,
ಗ್ಲೆನಿಸ್ ಪಾಸ್ಕೋ

ಮರೆತಿದ್ದೆ: ಈಗ ನನ್ನ ಕೈಯಲ್ಲಿ ಯಾವ ಹೆರಿಗೆಯೂ ಇಲ್ಲ, ಬೇಕರಿಯ ಚೀಟಿ ನೋಡಿ ಬೇರೆ ಯಾರೂ ಕರೆದಿಲ್ಲ. ಜೆಟ್ಟಿಯ ತುದಿಯಲ್ಲಿ ಒಳ್ಳೆಯ ಮೀನು ಬೀಳುತ್ತಿದೆ ಎಂದು ಮರ್ವ್ ದಿನಾ ಹೇಳುತ್ತಾನೆ. ನಾನಿನ್ನೂ ನಡುವಿನಲ್ಲೇ ಕೂರುತ್ತಿದ್ದೇನೆ.